ಡೋಲು ಬಡಿದವರ ಹೆಸರೇನು?

ಮಣಿಪಾಲದಲ್ಲಿ ಹೊಸ ಬಗೆಯ ಸಂಗೀತ ಕೇಳಿಸುತ್ತಾರೆ ಅಂತ ವಿದ್ಯಾರ್ಥಿ ಗೆಳೆಯನೊಬ್ಬ ಕರೆದುಕೊಂಡು ಹೋದ. ಸಣ್ಣ ಹಾಲು, ದೀಪ ಆರಿಸಿದರು. ಕಾಪು ಕಡಲಿನ ಅಲೆ, ಮಳೆ, ಅದರ ಮೇಲೆ ಯಂತ್ರದ ಶ್ರುತಿ, ಗಿಟಾರು. ನಡುವೆ ಎಲ್ಲೋ ದೂರದಿಂದ ಬಂದಂತೆ ಡೋಲು. ಮೊದಲೇ ಬರೆದಿಟ್ಟುಕೊಂಡದ್ದಲ್ಲ, ಕೂತಲ್ಲೇ ಒಬ್ಬರಿಗೊಬ್ಬರು ಕಿವಿಗೊಟ್ಟು ಕಟ್ಟಿದ್ದು ಎಂದರು. ಸುಳ್ಳು ಯಾಕೆ ಹೇಳಲಿ, ನನ್ನ ಮೈಯೂ ಜುಮ್ಮೆಂದಿತು. ಮುಗಿದ ಮೇಲೆ ಕೇಳಿದೆ: “ಡೋಲು ಬಡಿದವರು ಯಾರು?” “ಅದು ಕಾರ್ಕಳದ ಕಡೆ ರೆಕಾರ್ಡ್ ಮಾಡಿದ್ದು” ಅಂದರು. ಗಿಟಾರಿಗೆ ಮನುಷ್ಯನ ಹೆಸರಿತ್ತು. ಡೋಲಿಗೆ ಊರು ಮಾತ್ರ ಇತ್ತು.

ಈ ಬಗೆಯ ಸಂಗೀತಕ್ಕೆ ‘ಆಂಬಿಯೆಂಟ್’ ಎನ್ನುತ್ತಾರೆ. ಸುತ್ತ ಆವರಿಸುವ ನಾದ ಎಂದಿಟ್ಟುಕೊಳ್ಳಿ. ಇಂಗ್ಲೆಂಡಿನ ಬ್ರಯಾನ್ ಈನೋ 1978ರಲ್ಲಿ ವಿಮಾನ ನಿಲ್ದಾಣಗಳಿಗೆಂದು ಮಾಡಿದ ರೆಕಾರ್ಡಿಗೆ ಈ ಹೆಸರಿಟ್ಟ. ಮನಸ್ಸಿಟ್ಟು ಕೇಳಬಹುದು, ಕೇಳದೆ ನಮ್ಮ ಪಾಡಿಗೆ ನಾವೂ ಇರಬಹುದು, ಇದು ಅದರ ತತ್ವ.

ಆದರೆ ಮಾರಾಯ್ರೆ, ನಮ್ಮ ಕರಾವಳಿಯಲ್ಲಿ ಒಂದು ಜನಾಂಗವನ್ನೇ ಹೀಗೆ ಹಿನ್ನೆಲೆಯ ಸದ್ದು ಮಾಡಿ ಇಟ್ಟಿದ್ದರಲ್ಲ! ಕಂಬಳದ ಹಿಂದಿನ ರಾತ್ರಿ ‘ಪನಿಕುಲ್ಲುನಿ’ ಅಂತ ಇತ್ತು. ಪನಿ ಎಂದರೆ ಇಬ್ಬನಿ, ಕುಲ್ಲುನಿ ಎಂದರೆ ಕೂರುವುದು. ಕೊರಗರು ಗದ್ದೆಯ ಬಳಿ ಇಬ್ಬನಿಯಲ್ಲಿ ಕೂತು ಬೆಳಗಿನ ತನಕ ಡೋಲು ಬಡಿಯಬೇಕು, ಹಾಡಬೇಕು. ಗದ್ದೆಯ ಒಡೆಯ ಕೇಳಬಹುದು, ಕೇಳದೆ ನಿದ್ದೆಯನ್ನೂ ಮಾಡಬಹುದು. ಬಡಿಯುವವನಿಗೆ ಮಾತ್ರ ಬಡಿಯದೆ ಇರುವ ಸ್ವಾತಂತ್ರ್ಯ ಇರಲಿಲ್ಲ. ಕೂಲಿ ಕೊಡದೆ ದುಡಿಸಿಕೊಳ್ಳುವುದು, ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮುಂಚೆ ಕೋಣಗಳಂತೆ ಓಡಿಸುವುದು, ಈ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾಯಿದೆಯೇ ಬೇಕಾಯಿತು.

ಕಾಯಿದೆ ಬಂದ ಮೇಲೆ ಎಲ್ಲ ಮುಗಿಯಿತೇ? 2021ರ ಡಿಸೆಂಬರಿನಲ್ಲಿ ಉಡುಪಿ ಜಿಲ್ಲೆಯ ಕೋಟತಟ್ಟಿನ ಕೊರಗ ಕಾಲೋನಿಯಲ್ಲಿ ಮದುವೆಯ ಮೆಹೆಂದಿ ನಡೆದಿತ್ತು. ಡಿಜೆ ಸದ್ದು ಜಾಸ್ತಿಯಾಯಿತೆಂದು ಬಂದ ಪೊಲೀಸರು ಲಾಠಿ ಬೀಸಿದರು. ಎಸ್‌ಐ ಅಮಾನತಾದರು, ಅದು ಬೇರೆ ಮಾತು. ಕೊರಗ ಇನ್ನೊಬ್ಬರ ಕಂಬಳಕ್ಕೆ ರಾತ್ರಿಯಿಡೀ ಬಡಿದರೆ ಸಂಪ್ರದಾಯ, ತನ್ನ ಮನೆಯ ಸಂತೋಷಕ್ಕೆ ಸದ್ದು ಮಾಡಿದರೆ ಗಲಾಟೆ!

ಇನ್ನು ಕೂತಲ್ಲೇ ಕಟ್ಟುವ ಮಾತು. ಇದೇನು ಹೊಸತಲ್ಲ. ನೇಜಿ ನೆಡುವ ಹೆಂಗಸರು ‘ಓ ಬೇಲೆ’ ಹಾಡುವಾಗ ಒಬ್ಬಳು ಮುಂದೆ ಹೇಳುತ್ತಾಳೆ, ಉಳಿದವರು ಎತ್ತಿಕೊಳ್ಳುತ್ತಾರೆ. ಕೈಯ ಕೆಲಸಕ್ಕೆ ತಕ್ಕ ಹಾಗೆ ಹಾಡು ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಕಾರ್ಕಳ ತಾಲೂಕಿನ ನಂದಳಿಕೆಯ ಸಿರಿಜಾತ್ರೆಯಲ್ಲಿ ಹುಣ್ಣಿಮೆಯ ರಾತ್ರಿ ಮೈಮೇಲೆ ಬಂದ ಹೆಂಗಸರು ಪಾಡ್ದನದ ಧಾಟಿಯಲ್ಲೇ ಒಬ್ಬರಿಗೊಬ್ಬರು ಮಾತಾಡುತ್ತಾರೆ. ಕಚೇರಿಯ ವಿದ್ವಾಂಸರು ಕಟ್ಟಿದರೆ ಅದು ‘ಮನೋಧರ್ಮ’. ಗದ್ದೆಯ ಹೆಂಗಸು ಕಟ್ಟಿದರೆ ‘ಬಾಯಿಗೆ ಬಂದದ್ದು’. ಈ ಭೇದ ಸಂಗೀತದ್ದಲ್ಲ, ಜಾತಿಯದ್ದು.

ಹಾಗಾದರೆ ಹೊರಗಿನವರು ಮುಟ್ಟಲೇಬಾರದೇ? ನಾನು ಹಾಗೆ ಹೇಳುವುದಿಲ್ಲ. ಮುಟ್ಟಬೇಡಿ ಎನ್ನುವುದು ನಮ್ಮ ಮಾತೇ ಅಲ್ಲ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ಜತೆಗೆ ವಿವೇಕ ರೈ, ಚಿನ್ನಪ್ಪ ಗೌಡರು, ಪಕ್ಕದ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರ ಎದುರು ಕೂತರು. ದಿನಗಟ್ಟಲೆ ಹಾಡಿಸಿ ಬರೆದುಕೊಂಡ ಸಿರಿ ಪಾಡ್ದನ 15,683 ಸಾಲು ಆಯಿತು. 1998ರಲ್ಲಿ ಪುಸ್ತಕ ಬಂದಾಗ ಅದರ ಶೀರ್ಷಿಕೆಯಲ್ಲೇ ಗೋಪಾಲ ನಾಯ್ಕರ ಹೆಸರಿತ್ತು. ಪಂಡಿತರಿಗೆ ಸಾಧ್ಯವಾದದ್ದು ಪ್ರಯೋಗಶೀಲ ತರುಣರಿಗೆ ಯಾಕೆ ಸಾಧ್ಯವಿಲ್ಲ?

ಆದ್ದರಿಂದ ಈ ಸಂಗೀತವನ್ನು ಅಳೆಯಲು ನನ್ನ ಹತ್ತಿರ ಇರುವುದು ಮೂರೇ ಪ್ರಶ್ನೆ. ಡೋಲಿನವರ ಹೆಸರು ಗಿಟಾರಿನವರ ಹೆಸರಿನ ಪಕ್ಕ ಇದೆಯೇ? ಬಂದ ದುಡ್ಡಿನಲ್ಲಿ ಅವರಿಗೆ ಪಾಲಿದೆಯೇ? ‘ಇದು ಬೇಡ, ಹೀಗೆ ಬಾರಿಸೋಣ’ ಅಂತ ಅವರು ಹೇಳಿದರೆ ನೀವು ನಿಲ್ಲಿಸುತ್ತೀರಾ? ಮೂರನೆಯದೇ ಮುಖ್ಯ. ಬೇಡ ಎನ್ನಲಾಗದವನ ಜತೆ ಮಾಡಿದ್ದು ಸಹಯೋಗವಲ್ಲ, ನಾಜೂಕಾದ ಅಜಲು. ಮಣಿಪಾಲದಲ್ಲಿ ನಾನು ಕೇಳಿದ ಸಂಗೀತ ಈ ಮೊದಲ ಪ್ರಶ್ನೆಯಲ್ಲೇ ಸೋತಿತು. ನಾದ ಚಂದವಿತ್ತು, ಕಿವಿ ಅರ್ಧ ಮಾತ್ರ ತೆರೆದಿತ್ತು.

ಕಾರಂತರ ಚೋಮ 1933ರಲ್ಲೇ ದುಡಿ ಬಡಿದ. ಓದಿದವರು ಕಣ್ಣೀರಿಟ್ಟರು, ಅವನಿಗೆ ಗದ್ದೆ ಸಿಗಲಿಲ್ಲ. ಇವತ್ತು ಕೊರಗರ ಸಂಘಟನೆ ಪ್ರತಿ ವರ್ಷ ಆಗಸ್ಟ್ 18ರಂದು ಭೂಮಿ ಹಬ್ಬ ಮಾಡುತ್ತದೆ. ಗೆಳೆಯರೆ, ರೆಕಾರ್ಡರ್ ಹಿಡಿದುಕೊಂಡು ಒಮ್ಮೆ ಅಲ್ಲಿಗೂ ಹೋಗಿ. ಅಲ್ಲಿ ಡೋಲು ಯಾರ ಅಪ್ಪಣೆಗೂ ಕಾಯುವುದಿಲ್ಲ. ಆದರೆ ರೆಕಾರ್ಡರ್ ಒತ್ತುವ ಮೊದಲು ಬಾರಿಸುವವರ ಹೆಸರು ಕೇಳಿ.