ಕೇಳಿದವರು ಮರಳಿ ಬಂದು ಹೇಳಲಿ

ಕೆಂಪು ಬಾಳೆಯ ಕಂದು ಆರಿಸುವ ಬಗೆಯನ್ನು ಈ ವಾರ ಬರೆಯುವುದೆಂದು ಹೇಳಿಟ್ಟಿದ್ದೆ. ಅದಕ್ಕೆ ಮುಂಚೆ ಇತ್ಯರ್ಥವಾಗಬೇಕಾದ ಮಾತೊಂದಿದೆ. ಕಮಲಾಪುರದ ಬಾಳೆಯನ್ನು ಕಲಬುರಗಿಯ ಹಿತ್ತಲಿಗೆ ತಂದು ನೆಟ್ಟ ಹೊಸಬರು ಹವ್ಯಾಸಿಗಳ ಬಳಗದಲ್ಲಿ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: ‘ಅಣ್ಣಾರ, ಎಲಿ ಹಳದಿ ಆಗ್ಯಾವ, ಏನ್ ಹೊಡೀಬೇಕ್ರಿ?’ ಇಷ್ಟರಿಂದ ಉತ್ತರ ಹೇಳಲಾಗದು. ಸುಣ್ಣದಂಶ ಹೆಚ್ಚಿರುವ ಎರೆಮಣ್ಣಿನಲ್ಲಿ ಬೇರಿಗೆ ಕಬ್ಬಿಣ ಸಿಗದಿದ್ದರೆ ಹೊಸ ಎಲೆ ಬಿಳಚುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಸಾರಜನಕ ಸಾಲದಿದ್ದರೆ ಮೊದಲು ಹಳದಿಯಾಗುವುದು ಹಳೆಯ ಎಲೆ. ಹಳೆಯ ಎಲೆಯೇ ಅಂಚಿನಿಂದ ಹಳದಿಗಟ್ಟಿ, ಮುರಿದು ದಿಂಡಿಗೆ ಜೋತುಬಿದ್ದರೆ ಪನಾಮಾ ಸೊರಗು ರೋಗದ ಶಂಕೆ. ಅದರ ಶಿಲೀಂಧ್ರ ಮಣ್ಣಿನಲ್ಲಿದ್ದು ಬೇರಿನಿಂದ ಮೇಲೇರುವುದರಿಂದ ಎಲೆಗೆ ಏನು ಹೊಡೆದರೂ ವ್ಯರ್ಥ. ಹಾಗಿದ್ದೂ ಫೋಟೊ ಕಂಡ ಕೂಡಲೇ ಬೇವಿನೆಣ್ಣೆ ಹೊಡೆಯಿರಿ ಎನ್ನುವವರ ಪಂಥವೊಂದಿದೆ. ಬೇವಿನೆಣ್ಣೆ ಹೇನಿಗೆ ಒಳ್ಳೆಯದು. ಕಬ್ಬಿಣದ ಕೊರತೆಗೆ ಅದೇನು ಮಾಡೀತು?

ಇನ್ನೊಂದು ಪಂಥ ‘ಮೊದಲು ಓದಿಕೊಂಡು ಬಾ’ ಎಂದು ಗದರುತ್ತದೆ. ಒಂದೇ ಪ್ರಶ್ನೆಗೆ ನೂರು ಸಲ ಉತ್ತರಿಸಿದವರ ಬೇಸರ ನ್ಯಾಯವಾದದ್ದೇ. ಆದರೆ ಹಳೆ ಎಲೆ, ಹೊಸ ಎಲೆ ಎಂಬ ಭೇದ ಮುಖ್ಯವೆಂದು ಬಲ್ಲವನಿಗೆ ಅರ್ಧ ಉತ್ತರ ಆಗಲೇ ಸಿಕ್ಕಿರುತ್ತದೆ. ತಿಳಿಯದವರಿಂದ ವಿವರ ಕೇಳಿ ಪಡೆಯುವುದು ತಿಳಿದವರದೇ ಕೆಲಸ. ಹೊಸಬರಿಂದ ನಾನು ಬಯಸುವ ಶಿಷ್ಟಾಚಾರ ಬೇರೆ: ಸಲಹೆ ಪಡೆದವರು ಮುಂದೇನಾಯಿತೆಂದು ಬಂದು ಹೇಳಬೇಕು. ಕೆಂಪು ಬಾಳೆಯ ಗೊನೆ ಕೊಯ್ಲಿಗೆ ಬರಲು ಸುಮಾರು 16ರಿಂದ 18 ತಿಂಗಳು ಬೇಕು. ಜೂನ್‌ನಲ್ಲಿ ನೆಟ್ಟವರಿಗೆ ಕೊಟ್ಟ ಸಲಹೆ ಸರಿಯಿತ್ತೋ ಇಲ್ಲವೋ ಎಂಬುದು ಪೂರ್ತಿ ಗೊತ್ತಾಗುವಷ್ಟರಲ್ಲಿ ಎರಡು ಮಳೆಗಾಲ, ನಡುವೆ ಒಂದು ಕಲಬುರಗಿ ಬೇಸಿಗೆ ಕಳೆದಿರುತ್ತವೆ. ಅಷ್ಟರಲ್ಲಿ ಕೇಳಿದವರು ಮರೆತರೆ, ಹೇಳಿದವರ ತಪ್ಪು ತಿದ್ದದೆ ಉಳಿದು ಮುಂದಿನವರ ಹಿತ್ತಲಿಗೂ ಹೋಗುತ್ತದೆ. ಸುಮಾರು 1025ರಲ್ಲಿ ಚಾವುಂಡರಾಯ ‘ಲೋಕೋಪಕಾರ’ ಬರೆದಾಗ ವೃಕ್ಷಾಯುರ್ವೇದಕ್ಕೂ ಅದರಲ್ಲಿ ಜಾಗ ಕೊಟ್ಟ. ಗಿಡಮರಗಳ ಅಂಥ ಅರಿವು ಕೂಡಿಬಂದದ್ದು ಮಾಡಿ ನೋಡಿದವರು ಮರಳಿ ಬಂದು ಹೇಳಿದ್ದರಿಂದಲೇ ಎಂದು ನನ್ನ ನಂಬಿಕೆ.

ಗಿಡ ಸತ್ತಿತೆಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ ಎನ್ನುವವರಿದ್ದಾರೆ. ಆದರೆ ಸತ್ತ ಗಿಡದ ಸುದ್ದಿಯೇ ಬಳಗಕ್ಕೆ ಹೆಚ್ಚು ಬೇಕಾದದ್ದು. ಸೊರಗು ರೋಗ ಕಂದಿನ ಜೊತೆಗೇ ಊರಿಂದೂರಿಗೆ ಹೋಗುತ್ತದೆ. ಜಿಐ ಟ್ಯಾಗ್ ಪಡೆದ ಈ ತಳಿಯ ಕಂದಿಗಾಗಿ ನಾವೆಲ್ಲ ನೋಡುವುದು ಕಮಲಾಪುರದ ಸುತ್ತಲಿನ ತೋಟಗಳ ಕಡೆಗೇ. ದಿಂಡನ್ನು ಅಡ್ಡ ಕಡಿದಾಗ ಒಳಗೆ ಇಟ್ಟಿಗೆ ಬಣ್ಣದ ಉಂಗುರ ಕಂಡಿತೋ ಇಲ್ಲವೋ, ಕಂದು ಯಾವ ತೋಟದ್ದು ಎಂಬ ಎರಡು ಸಂಗತಿ ತಿಳಿದರೆ, ಅದೇ ತೋಟಕ್ಕೆ ಹೊರಟವರು ಒಂದು ಗಳಿಗೆ ನಿಂತು ಯೋಚಿಸುತ್ತಾರೆ. ಮುಂದಿನ ವಾರ ಕಂದಿನ ಮಾತನ್ನು ಇಲ್ಲಿಂದಲೇ ಎತ್ತಿಕೊಳ್ಳುತ್ತೇನೆ.