ಧರ್ಮಾರ್ಥಚಿತ್ರಗಳ ಗುಣದೋಷವಿಚಾರ: ಬಳ್ಳಾರಿ ಸೀಮೆಯ ಒಂದು ಕ್ಷಾಮಚಿತ್ರ

ಚಿತ್ರಗಳನ್ನು ಬರೆದು ಮಾರಿ, ಬಂದ ಹಣವನ್ನು ದೀನರ ಸಹಾಯಕ್ಕೆ ವಿನಿಯೋಗಿಸುವ ಪದ್ಧತಿಯು ಈಗ ನಮ್ಮ ನಾಡಿನಲ್ಲಿಯೂ ಬಳಕೆಗೆ ಬಂದಿದೆ. ಇಂತಹ ಚಿತ್ರಗಳನ್ನು ವಿಮರ್ಶಿಸುವುದಕ್ಕೆ ಬಹುಮಂದಿ ಹಿಂಜರಿಯುತ್ತಾರೆ. ಹಸಿದವನ ಅನ್ನಕ್ಕಾಗಿ ಬರೆದ ಚಿತ್ರದಲ್ಲಿ ರೇಖೆಯ ಓರೆಕೋರೆಗಳನ್ನು ಎಣಿಸುವುದು ಎಂತಹ ರಸಿಕತೆ ಎಂದು ಅವರು ಕೇಳುತ್ತಾರೆ. ಪ್ರಯೋಜನದ ಹೊರೆಯನ್ನು ಹೊತ್ತು ಬಂದ ಚಿತ್ರವು ಕಲೆಯೇ ಅಲ್ಲವೆಂದು ಅದನ್ನು ಪಕ್ಕಕ್ಕೆ ಸರಿಸುವವರೂ ಉಂಟು. ಈ ಎರಡು ಮತಗಳಲ್ಲಿ ಯಾವುದೂ ನಮಗೆ ಸಮ್ಮತವಲ್ಲ. ಮಮ್ಮಟನು ಕಾವ್ಯಪ್ರಯೋಜನಗಳನ್ನು ಹೇಳುವಾಗ ಯಶಸ್ಸಿನೊಡನೆ ಅರ್ಥವನ್ನೂ ಶಿವೇತರಕ್ಷತಿಯನ್ನೂ, ಎಂದರೆ ಅಮಂಗಳದ ನಿವಾರಣೆಯನ್ನೂ, ಎಣಿಸಿದ್ದಾನೆ. ಆದರೆ ಪ್ರಯೋಜನವನ್ನು ಹೇಳಿದ ಅದೇ ಗ್ರಂಥದಲ್ಲಿ ದೋಷಪ್ರಕರಣವು ಎಷ್ಟು ವಿಸ್ತಾರವಾಗಿದೆಯೆಂಬುದನ್ನು ಅಧ್ಯಾಪಕರಿಗೆ ಜ್ಞಾಪಿಸಬೇಕಾಗಿಲ್ಲ. ಪ್ರಯೋಜನವು ಘನವಾದುದರಿಂದ ದೋಷವು ಮಾಫಿಯಾಗುವುದೆಂದು ಯಾವ ಆಲಂಕಾರಿಕನೂ ಹೇಳಲಿಲ್ಲ.

ಈ ವಿಚಾರವನ್ನು ಒರೆಗೆ ಹಚ್ಚಲು ಒಂದು ಚಿತ್ರವನ್ನು ತೆಗೆದುಕೊಳ್ಳುತ್ತೇವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. 1876ರಿಂದ 1878ರವರೆಗಿನ ಮಹಾಕ್ಷಾಮದ ಕಾಲದಲ್ಲಿ ಈ ಸೀಮೆಯೆಲ್ಲವೂ ಮದ್ರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಒಳಪಟ್ಟಿದ್ದಿತು. ಧಾತು ಈಶ್ವರ ಸಂವತ್ಸರಗಳ ಬರವೆಂದು ಹಿರಿಯರ ಬಾಯಲ್ಲಿ ಉಳಿದ ಆ ಕ್ಷಾಮವು ಅತ್ಯಂತ ಕ್ರೂರವಾಗಿ ಹಾಯ್ದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1877ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಗ್ರಾಫಿಕ್’ ಎಂಬ ಸಚಿತ್ರ ವಾರಪತ್ರಿಕೆಯು ಬಳ್ಳಾರಿ ಜಿಲ್ಲೆಯ ಕ್ಷಾಮವನ್ನು ಕುರಿತ ಒಂದು ಮರದಚ್ಚಿನ ಚಿತ್ರವನ್ನು ಪ್ರಕಟಿಸಿತು. ‘ಹಿಂಡಿನಲ್ಲಿ ಕಡೆಗೆ ಉಳಿದದ್ದು’ ಎಂಬುದು ಅದರ ಹೆಸರಿನ ಭಾವ. ಮನುಷ್ಯರ ದುರವಸ್ಥೆಯೊಡನೆ ದನಗಳ ದುರವಸ್ಥೆಯನ್ನೂ ಅದು ತೋರಿಸುತ್ತದೆ.

ಮೊದಲು ಗುಣವನ್ನು ಹೇಳೋಣ. ಅದೇ ತಿಂಗಳು 20ನೆಯ ತಾರೀಖಿನ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಯಲ್ಲಿ ಬೆಂಗಳೂರಿನಲ್ಲಿ ಸಹಾಯಕ್ಕಾಗಿ ಕಾದಿರುವ ಜನರ ಚಿತ್ರವೊಂದು ಬಂದಿತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಬಳ್ಳಾರಿಯ ಚಿತ್ರವು ಮೇಲೆಂದು ನಮಗೆ ತೋರುತ್ತದೆ. ಬೆಂಗಳೂರಿನ ಚಿತ್ರದಲ್ಲಿರುವುದು ಕಾಯುವ ಗುಂಪು. ನೋಡುವವನು ಕೊಡುವವನೆಂದೂ ಕಾಣುವವರು ಬೇಡುವವರೆಂದೂ ಅದು ಮೊದಲೇ ತೀರ್ಮಾನಿಸಿಬಿಟ್ಟಿದೆ. ಬಳ್ಳಾರಿಯ ಚಿತ್ರದಲ್ಲಾದರೋ ಬೇಡುವವನಿಗಿಂತ ಮೊದಲು ಒಕ್ಕಲಿಗನು ಕಾಣುತ್ತಾನೆ. ಎತ್ತು ಸತ್ತರೆ ಒಕ್ಕಲುತನವೇ ಸತ್ತಂತೆ. ಮಳೆ ಬಂದರೂ ಹೂಡುವುದಕ್ಕೆ ಏನೂ ಉಳಿಯದು. ಈ ಸೀಮೆಯ ಮಳೆಯಾಧಾರದ ಹೊಲಗಳಲ್ಲಿ ಜೋಳ, ಸಜ್ಜೆ, ನವಣೆಗಳನ್ನು ಬಿತ್ತುವ ರೈತನಿಗೆ ಬರವು ಒಂದು ವರ್ಷದ ಹಸಿವಾಗಿ ಬರುವುದಿಲ್ಲ. ಮುಂದಿನ ವರ್ಷದ ಬೆಳೆಯನ್ನೂ ನುಂಗಿಕೊಂಡೇ ಬರುತ್ತದೆ. ಈ ಸೂಕ್ಷ್ಮವನ್ನು ಹಿಡಿದ ಕೈ ಯಾರದೇ ಆಗಿರಲಿ, ಅದು ಕಣ್ಣುಳ್ಳ ಕೈ. 1877ರ ಆಗಸ್ಟಿನಲ್ಲಿ ಮದ್ರಾಸಿನಲ್ಲಿ ಗವರ್ನರ್ ಬಕಿಂಗ್‌ಹ್ಯಾಂ ಡ್ಯೂಕರು ಸೇರಿಸಿದ ಸಭೆಯ ಪ್ರಾರ್ಥನೆಯಂತೆ ಲಂಡನ್ನಿನ ಮೇಯರರು ಮ್ಯಾನ್‌ಷನ್ ಹೌಸ್ ನಿಧಿಯನ್ನು ತೆರೆದಿದ್ದರು. ಆರು ಲಕ್ಷ ಪೌಂಡುಗಳಿಗೆ ಕಡಮೆಯಿಲ್ಲದಷ್ಟು ಹಣವು ಇಂಗ್ಲೆಂಡಿನ ಕಡೆಯಿಂದ ಕೂಡಿತು. ಅದರಲ್ಲಿ ಬಹುಭಾಗವು ರೈತರಿಗೆ ಬೀಜ, ಎತ್ತು, ಬಟ್ಟೆ, ಮನೆಯ ದುರಸ್ತಿಗಳಿಗಾಗಿ ವ್ಯಯವಾಯಿತು. ಚಿತ್ರವು ಯಾವುದನ್ನು ಕಳೆದುಹೋದ ವಸ್ತುವೆಂದು ತೋರಿಸಿತೋ, ನಿಧಿಯು ಅದನ್ನೇ ಮರಳಿ ಕೊಡಿಸಲು ಹೆಣಗಿತು. ಚಿತ್ರದಿಂದಲೇ ಹಾಗಾಯಿತೆಂದು ನಾವು ಹೇಳುತ್ತಿಲ್ಲ. ಇಬ್ಬರ ತಿಳಿವಳಿಕೆಯೂ ಒಂದೇ ಎಡೆಯಲ್ಲಿ ಸಂಧಿಸಿತು.

ಇನ್ನು ದೋಷ. ಆ ಕಾಲದ ಪತ್ರಿಕಾಚಿತ್ರಗಳು ಸಿದ್ಧವಾಗುತ್ತಿದ್ದ ಕ್ರಮವನ್ನು ತಿಳಿಯದೆ ಇದನ್ನು ತೂಗಲಾಗದು. ದೂರದೇಶದಿಂದ ಬಂದ ರೇಖಾಚಿತ್ರವನ್ನೋ ಛಾಯಾಚಿತ್ರವನ್ನೋ ಗಟ್ಟಿಮರದ ಹಲಗೆಯ ಮೇಲೆ ತೆಗೆದುಕೊಳ್ಳುತ್ತಿದ್ದರು. ದೊಡ್ಡ ಚಿತ್ರವಾದರೆ ಹಲಗೆಯು ಹಲವು ತುಂಡುಗಳ ಜೋಡಣೆ. ತುಂಡುಗಳನ್ನು ಬಿಚ್ಚಿ ಬೇರೆ ಬೇರೆ ಕೊರೆಗಾರರಿಗೆ ಹಂಚಿ, ಕೊರೆದಾದ ಮೇಲೆ ಮತ್ತೆ ಬಿಗಿದು ಅಚ್ಚಿಗೆ ಕೊಡುತ್ತಿದ್ದರು. ಹೀಗೆ ಬಳ್ಳಾರಿಯ ಮಣ್ಣನ್ನು ಮೆಟ್ಟದವರ ಕೈಯಲ್ಲಿ ಬಳ್ಳಾರಿಯವನ ಪಕ್ಕೆಲುಬುಗಳು ಮೂಡುತ್ತಿದ್ದವು. ‘ಗ್ರಾಫಿಕ್’ ಪತ್ರಿಕೆಯು ತನ್ನ ಊರಿನ ಬಡವರ ಚಿತ್ರಗಳಿಗೆ ಹೆಸರಾದದ್ದು. 1869ರ ಮೊದಲ ಸಂಚಿಕೆಯಲ್ಲಿಯೇ ಲ್ಯೂಕ್ ಫಿಲ್ಡ್ಸರು ಲಂಡನ್ನಿನ ನಿರ್ಗತಿಕರನ್ನು ಚಿತ್ರಿಸಿದ್ದರು, ಆ ಪತ್ರಿಕೆಯ ಚಿತ್ರಗಳನ್ನು ವ್ಯಾನ್ ಗೋ ಆಸೆಯಿಂದ ಕೂಡಿಡುತ್ತಿದ್ದನು. ಅಂತಹ ಪತ್ರಿಕೆಯೂ ಬಳ್ಳಾರಿಗೆ ಬಂದಾಗ ಜಿಲ್ಲೆಯ ಹೆಸರಿನಲ್ಲಿಯೇ ನಿಂತುಬಿಟ್ಟಿತು. ಆತನು ಕೂಡ್ಲಿಗಿಯವನೋ, ಹಡಗಲಿಯವನೋ, ಹರಪನಹಳ್ಳಿಯವನೋ ಚಿತ್ರವು ಹೇಳದು. ಅದು ಹೇಳದಿರುವ ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಅದೇ ವರ್ಷ ಸರ್ ರಿಚರ್ಡ್ ಟೆಂಪಲರ ಸಲಹೆಯಂತೆ ಕಾಮಗಾರಿಯ ಕೂಲಿಯು ದಿನಕ್ಕೆ ಒಂದು ಪೌಂಡು ಧಾನ್ಯಕ್ಕೂ ಪುಡಿಗಾಸಿಗೂ ಇಳಿದಿತ್ತು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷರು ಅದನ್ನು ವಿರೋಧಿಸಿದ್ದರು. ಧಾನ್ಯದ ರಫ್ತು ಮಾತ್ರ ನಿಂತಿರಲಿಲ್ಲ. ಚಿತ್ರವನ್ನು ನೋಡಿದವನಿಗೆ ಕಾಣುವುದು ಆಕಾಶದ ಮುನಿಸು ಮಾತ್ರ. ಕರುಣೆಯನ್ನು ಹುಟ್ಟಿಸಿ ಕಾರಣವನ್ನು ಮರೆಸುವುದು ಧರ್ಮಾರ್ಥಚಿತ್ರಗಳ ಸಹಜದೋಷವೆಂದೇ ಹೇಳಬೇಕಾಗಿದೆ. ಮತ್ತೆ, ಪತ್ರಿಕೆಯ ಕ್ರಯವು ಪತ್ರಿಕೆಯವರಿಗೆ ಸಂದಿತು. ನಿಧಿಗೆ ಸಂದದ್ದು ಓದುಗನ ಮರುಕ. ಈ ಎರಡು ಲೆಕ್ಕಗಳನ್ನು ಬೆರೆಸಬಾರದು.

ಅದೇ ಕ್ಷಾಮದಲ್ಲಿ ಹೂಪರ್ ಎಂಬ ಸೈನ್ಯಾಧಿಕಾರಿಯು ಎಲುಬುಗೂಡಾದ ಜನರನ್ನು ಸಾಲಾಗಿ ಕೂರಿಸಿ ತೆಗೆದ ಛಾಯಾಚಿತ್ರಗಳ ವಿಷಯದಲ್ಲಿ ಹೆಚ್ಚು ಬರೆಯಲು ಮನಸ್ಸಾಗದು. ಅಲ್ಲಿ ಹಸಿವೇ ಉಡುಪಾಗಿದೆ.

ಇಂತಹ ಚಿತ್ರಗಳಿಗೆ ತಕ್ಕ ಅಳತೆಗೋಲು ಹೊರಗಿನಿಂದ ಬರಬೇಕಾಗಿಲ್ಲ. ದುಡಿದು ಗಳಿಸಿ ಗಳಿಸಿದುದನ್ನು ಸಲ್ಲಿಸುವ ಕಾಯಕ-ದಾಸೋಹಗಳ ತತ್ತ್ವವು ಕೊಟ್ಟೂರಿನಂತಹ ಶರಣಕ್ಷೇತ್ರವುಳ್ಳ ಈ ನಾಡಿಗೆ ಪರಿಚಿತವೇ. ಚಿತ್ರವನ್ನು ಮಾರಿ ಅನ್ನವನ್ನಿಕ್ಕುವ ಕಲೆಗಾರನು ನಡೆಯುವುದೂ ಇದೇ ದಾರಿಯಲ್ಲಿ. ಆದರೆ ಆಯ್ದಕ್ಕಿ ಮಾರಯ್ಯನ ಕಥೆಯನ್ನು ನೆನೆಯಬೇಕು. ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಅವನು ಒಂದು ದಿನ ವಾಡಿಕೆಗಿಂತ ಹೆಚ್ಚಾಗಿ ತಂದಾಗ, ಲಕ್ಕಮ್ಮನು ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಮಾಡಿದಳು. ತಂದದ್ದು ಹಸಿದವರಿಗೇ ಸಲ್ಲುವುದೆಂಬ ಸಮಾಧಾನವನ್ನು ಆಕೆ ಒಪ್ಪಲಿಲ್ಲ. ಚಿತ್ರಗಾರನನ್ನೂ ಹಾಗೆಯೇ ಕೇಳತಕ್ಕದ್ದು: ಎದುರಿಗೆ ಕುಳಿತ ಹಸಿದವನಿಂದ ನೀನು ಎತ್ತಿಕೊಂಡದ್ದೆಷ್ಟು? ಅವನ ದೈನ್ಯವನ್ನು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದುಕೊಂಡೆಯೋ? ನಮ್ಮ ಕೆ. ವೆಂಕಟಪ್ಪನವರು ತಮ್ಮ ಚಿತ್ರಗಳನ್ನು ಮಾರಾಟಕ್ಕೆ ಇಡಲು ಒಪ್ಪದೆ ಬಾಳಿದುದನ್ನು ಮೆಚ್ಚುವವರು ಬಹಳ, ನಾವೂ ಮೆಚ್ಚುತ್ತೇವೆ. ಆದರೂ ಮಾರುವುದರಲ್ಲಿಯೇ ದೋಷವಿದೆಯೆಂದು ಲಕ್ಕಮ್ಮನ ನ್ಯಾಯವು ಹೇಳುವುದಿಲ್ಲ. ಅದು ನೋಡುವುದು ತಂದ ಬಗೆಯನ್ನು.

ಈ ಒರೆಗಲ್ಲಿನಲ್ಲಿ ಬೆಲೆ ಕುಗ್ಗದ ಒಂದು ಉದಾಹರಣೆಯು ಬಂಗಾಳದಲ್ಲಿ ದೊರೆಯುತ್ತದೆ. 1943ರ ಕ್ಷಾಮದಲ್ಲಿ ಚಿತ್ತಪ್ರಸಾದರು ಮಿಡ್ನಾಪುರ ಜಿಲ್ಲೆಯನ್ನು ಸುತ್ತಿ ಮಸಿಯಲ್ಲಿ ಚಿತ್ರಗಳನ್ನು ಬರೆದರು. ಅನೇಕ ಚಿತ್ರಗಳ ಮೇಲೆ ಆ ವ್ಯಕ್ತಿಯ ಹೆಸರನ್ನೂ ಊರನ್ನೂ ಬರೆದಿಟ್ಟರು. ಅಲ್ಲಿ ಕ್ಷಾಮಪೀಡಿತನೆಂಬ ಜಾತಿವಾಚಕವಿಲ್ಲ. ಇಂಥ ಊರಿನ ಇಂಥವನಿದ್ದಾನೆ. ಕಪ್ಪುಗೆರೆಗಳು ಒರಟು, ಕೆಲವೆಡೆ ಅವಸರದವು. ಆದರೂ ‘ಗ್ರಾಫಿಕ್’ ಪತ್ರಿಕೆಯ ನಯವಾದ ಕೊರೆತಕ್ಕಿಲ್ಲದ ಒಂದು ಮರ್ಯಾದೆ ಅವಕ್ಕಿದೆ. ಬರಹವನ್ನೂ ಚಿತ್ರಗಳನ್ನೂ ಕೂಡಿಸಿ ಅವರು ‘ಹಂಗ್ರಿ ಬೆಂಗಾಲ್’ ಎಂಬ ಪುಸ್ತಕವನ್ನು ಹೊರಡಿಸಿದಾಗ ಸರಕಾರವು ಪ್ರತಿಗಳನ್ನು ವಶಪಡಿಸಿಕೊಂಡು ಸುಡಿಸಿತು. ಮರುಕವನ್ನು ಮಾತ್ರ ಬೇಡುವ ಚಿತ್ರಗಳನ್ನು ಯಾವ ಸರಕಾರವೂ ಸುಡಿಸದು. ಚಿತ್ತಪ್ರಸಾದರ ಕುಟುಂಬದಲ್ಲಿ ಉಳಿದಿದ್ದ ಪ್ರತಿಯಿಂದ ಆ ಪುಸ್ತಕವು 2011ರಲ್ಲಿ ಮತ್ತೆ ಅಚ್ಚಾಯಿತು. ಬಳ್ಳಾರಿಯ ಚಿತ್ರದಲ್ಲಿರುವವನಿಗಾದರೋ ಇಂದಿಗೂ ಹೆಸರಿಲ್ಲ.