ಓದುವವಳಿಗೊಂದು ಮತ

ಸಿನಿಮಾ ಪತ್ರಿಕೆ ಎಂದರೆ ಮೂಗು ಮುರಿಯುವವರೇ ಹೆಚ್ಚು. ಹಿರಿಯರ ಕಣ್ಣು ತಪ್ಪಿಸಿ ಪಾಠದ ಪುಸ್ತಕದ ನಡುವೆ ಇಟ್ಟು ಓದುವ ಸರಕು ಎಂಬ ಹೆಸರು ಅದಕ್ಕೆ ಮೊದಲಿನಿಂದಲೂ ಇದೆ. ಓದುವವರಲ್ಲಿ ಹೆಂಗಸರೇ ಹೆಚ್ಚೆಂಬುದೂ ಈ ತಾತ್ಸಾರಕ್ಕೆ ಒಂದು ಕಾರಣವಿರಬೇಕು. ಆದರೆ ಇಂಥ ಪತ್ರಿಕೆಗಳಿಗೆಲ್ಲ ಹಿರಿಯಕ್ಕನಂತಿರುವ ಅಮೆರಿಕದ ‘ಫೋಟೋಪ್ಲೇ’ಯನ್ನು ತಿರುವಿ ಹಾಕಿದಾಗ ನನಗೆ ಕಂಡದ್ದೇ ಬೇರೆ. ಅದರ ಹಳೆಯ ಸಂಚಿಕೆಗಳು ಈಗ ಅಂತರ್ಜಾಲದಲ್ಲಿ ಸಿಗುತ್ತವೆ. ದೇವಿಕೊಪ್ಪದಲ್ಲಿ ಕೂತೇ ಓದಬಹುದು.

ಫೋಟೋಪ್ಲೇ 1911ರಲ್ಲಿ ಶಿಕಾಗೋದಲ್ಲಿ ಹುಟ್ಟಿತು. ಆಗ ಸಿನಿಮಾಕ್ಕಿನ್ನೂ ಮಾತು ಬಂದಿರಲಿಲ್ಲ. ನಟನಟಿಯರ ಹೆಸರುಗಳು ಜನರಿಗೆ ಆಗಷ್ಟೇ ಗೊತ್ತಾಗತೊಡಗಿದ್ದವು. ಹೀಗಾಗಿ ಮೊದಲಿಗೆ ಅದು ಹೆಚ್ಚಾಗಿ ಅಚ್ಚು ಹಾಕಿದ್ದು ಚಿತ್ರಗಳ ಕಥೆಗಳನ್ನು. ನಮಗಿದು ಹೊಸದೇನಲ್ಲ. ಹುಬ್ಬಳ್ಳಿಗೆ ಹೋಗಿ ಸಿನಿಮಾ ನೋಡುವುದು ವರ್ಷಕ್ಕೊಂದೋ ಎರಡೋ ಸಲ. ಆದರೆ ಮಣಿಪಾಲದ ‘ರೂಪತಾರಾ’ ಕೈಯಿಂದ ಕೈಗೆ ದಾಟಿ, ಮೂಲೆ ಮಡಚಿಕೊಂಡು ನಮ್ಮ ಮನೆಗೂ ಬರುತ್ತಿತ್ತು. ನಾವು ಸಿನಿಮಾವನ್ನು ನೋಡುವುದಕ್ಕಿಂತ ಮೊದಲು ಓದಿದವರು. ತ್ರಿವೇಣಿಯವರ ‘ಬೆಳ್ಳಿಮೋಡ’ 1967ರಲ್ಲಿ, ‘ಶರಪಂಜರ’ 1971ರಲ್ಲಿ ತೆರೆಗೆ ಬಂದಾಗ, ಕಾದಂಬರಿ ಓದಿ ಮುಗಿಸಿದ್ದ ಹೆಂಗಸರ ಕೈಯಲ್ಲಿ ಪುಟ್ಟಣ್ಣ ಕಣಗಾಲರ ಕೆಲಸವನ್ನು ತೂಗಿ ನೋಡಲು ಒಂದು ತಕ್ಕಡಿ ಇತ್ತು.

ಆ ತಕ್ಕಡಿಯನ್ನು ಫೋಟೋಪ್ಲೇ ಗೌರವಿಸಿತು. 1920ರ ಚಿತ್ರಗಳಿಂದ ಆರಂಭಿಸಿ ವರ್ಷದ ಒಳ್ಳೆಯ ಚಿತ್ರಕ್ಕೆ ಅದು ಪದಕ ಕೊಡತೊಡಗಿತು. ಆರಿಸಿದವರು ಪಂಡಿತರಲ್ಲ, ಓದುಗರು. ಅಮೆರಿಕದ ಹೆಂಗಸರಿಗೆ ಸಂವಿಧಾನ ಮತದ ಹಕ್ಕು ಕೊಟ್ಟದ್ದೂ ಅದೇ 1920ರಲ್ಲಿ. ಮೊದಲ ಪದಕ ಹೋದದ್ದು ‘ಹ್ಯೂಮರೆಸ್ಕ್’ ಚಿತ್ರಕ್ಕೆ. ಅದರ ಕಥೆ ಫ್ಯಾನಿ ಹರ್ಸ್ಟ್ ಅವರದು, ಚಿತ್ರಕಥೆ ಫ್ರಾನ್ಸಿಸ್ ಮೇರಿಯನ್ ಅವರದು, ಇಬ್ಬರೂ ಹೆಂಗಸರೇ. ಜಗತ್ತೆಲ್ಲ ಕೊಂಡಾಡುವ ಆಸ್ಕರ್ ಪ್ರಶಸ್ತಿಯ ಮೊದಲ ಸಮಾರಂಭ ನಡೆದದ್ದು 1929ರಲ್ಲಿ; ಅಲ್ಲಿ ಆರಿಸಿದವರು ಚಿತ್ರೋದ್ಯಮದವರು. ಸಿನಿಮಾದ ಮೊದಲ ದೊಡ್ಡ ಚರಿತ್ರೆಗಳಲ್ಲಿ ಒಂದಾದ ಟೆರ್ರಿ ರಾಮ್ಸೆಯ ಬರಹ ಪುಸ್ತಕವಾಗುವ ಮೊದಲು ಧಾರಾವಾಹಿಯಾಗಿ ಬಂದದ್ದೂ ಫೋಟೋಪ್ಲೇಯಲ್ಲಿಯೇ. ಓದುಗಳ ಬುದ್ಧಿಯನ್ನು ನಂಬಿದ ಪತ್ರಿಕೆಗೆ ಇಷ್ಟೆಲ್ಲ ಮಾಡಲು ಸಾಧ್ಯವಾಯಿತು.

ಮುಂದೆ ಆ ನಂಬಿಕೆ ಸವೆಯಿತು. 1939ರ ಜನವರಿಯಲ್ಲಿ, ಮದುವೆಯಾಗದೆ ಗಂಡಹೆಂಡಿರಂತಿರುವ ಹಾಲಿವುಡ್ ಜೋಡಿಗಳ ಬಗ್ಗೆ ಅದು ಬರೆದ ಲೇಖನ ದೊಡ್ಡ ಗದ್ದಲವೆಬ್ಬಿಸಿತು. ಅದರಲ್ಲಿ ಹೆಸರಿಸಿದ್ದ ಕ್ಲಾರ್ಕ್ ಗೇಬಲ್ ಮತ್ತು ಕ್ಯಾರೊಲ್ ಲೊಂಬಾರ್ಡ್ ಮಾರ್ಚಿನಲ್ಲಿ ಮದುವೆಯಾದರು. ಇವರ ಅಭಿನಯದ ಬಗ್ಗೆ ನಿನ್ನ ಅಭಿಪ್ರಾಯವೇನು ಎಂದು ಓದುಗಳನ್ನು ಕೇಳುತ್ತಿದ್ದ ಪತ್ರಿಕೆ, ಇವರ ಮನೆಯೊಳಗೆ ಇಣುಕುತ್ತೀಯಾ ಎಂದು ಕೇಳತೊಡಗಿತು. ಇಣುಕುವುದಕ್ಕೆ ಆಮೇಲೆ ಬೇರೆ ಕಿಟಕಿಗಳು ಎಷ್ಟೋ ತೆರೆದವು, ಟೆಲಿವಿಷನ್ ಬಂತು. ಅಮೆರಿಕದ ಫೋಟೋಪ್ಲೇ 1980ರಲ್ಲಿ ಮುಚ್ಚಿತು.

ನಮ್ಮಲ್ಲೂ ಈ ರೋಗ ಇಲ್ಲದಿಲ್ಲ. ಕಲ್ಪನಾ 1979ರ ಮೇ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹತ್ತಿರದ ಗೋಟೂರಿನಲ್ಲಿ ತೀರಿಕೊಂಡರು. ಆಕೆ ಹೇಗೆ ಸತ್ತರು ಎಂಬ ಗಾಳಿಮಾತು ನಮ್ಮ ಕಡೆಯ ಕಟ್ಟೆಗಳ ಮೇಲೆ, ನೀರಿನ ನಲ್ಲಿಯ ಮುಂದೆ ವರ್ಷಗಟ್ಟಲೆ ನಡೆಯಿತು. ‘ಶರಪಂಜರ’ದ ಕಾವೇರಿಯಾಗಿ ಆಕೆ ಏನು ಮಾಡಿ ತೋರಿಸಿದರು ಎಂಬ ಮಾತು ಅದರ ಕಾಲುಭಾಗದಷ್ಟೂ ನಡೆಯಲಿಲ್ಲ. ಬಾಣಂತನದ ನಂತರ ಮನಸ್ಸು ಕದಡಿದ ಹೆಣ್ಣು, ಗುಣವಾಗಿ ಮನೆಗೆ ಬಂದರೂ ಜನ ಅವಳನ್ನು ಹುಚ್ಚಿಯೆಂದೇ ನೋಡುವುದು: ಇದು ನಮ್ಮ ಓಣಿಗಳಲ್ಲಿಯೂ ಕಂಡ ಸಂಗತಿಯಲ್ಲವೇ? ಅದರ ಬಗ್ಗೆ ಬಾಯಿ ಬಿಟ್ಟು ಮಾತಾಡಲು ಒಂದು ಸಿನಿಮಾ ದಾರಿ ಮಾಡಿಕೊಟ್ಟಿತ್ತು. ನಾವು ನಟಿಯ ಸಾವಿನ ಗುಟ್ಟನ್ನು ಹುಡುಕುತ್ತ ಆ ದಾರಿಯನ್ನು ಬಿಟ್ಟುಕೊಟ್ಟೆವು.

ಕುತೂಹಲ ತಪ್ಪೆಂದು ನಾನು ಹೇಳುವುದಿಲ್ಲ. ತಾರೆಯ ಸೀರೆ, ಮನೆ, ಮದುವೆ ನೋಡಬೇಕೆನ್ನಿಸುವುದು ಸಹಜ. ಅದೂ ಇಲ್ಲದಿದ್ದರೆ ಅಂಥ ಪತ್ರಿಕೆ ಸಪ್ಪೆ. ನನ್ನ ತಕರಾರು ಅಷ್ಟಕ್ಕೇ ನಿಲ್ಲಿಸುವವರ ಮೇಲೆ. ಇಂದು ಮೊಬೈಲಿನಲ್ಲಿ ದಿನಕ್ಕೆ ಹತ್ತು ಸಲ ಬರುವ ತಾರೆಯರ ಸುದ್ದಿಯೂ ನಮ್ಮಿಂದ ಕೇಳುವುದು ಕಣ್ಣನ್ನು ಮಾತ್ರ. ಮುಂದಿನ ಸಲ ನಾಲ್ಕು ಜನ ಗೆಳತಿಯರು ಸೇರಿದಾಗ ನಟಿಯ ಮದುವೆಯ ಮಾತು ಆಗಲಿ. ಜೊತೆಗೆ, ಆಕೆಯ ಪಾತ್ರ ನಿಜವೆನ್ನಿಸಿತೇ, ಆ ಕಥೆ ಬರೆದವರು ಯಾರು ಎಂಬುದನ್ನೂ ಕೇಳಿ ನೋಡೋಣ.